ನಿಂತ ಹೊತ್ತು

ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಹುಣಸೆಕಾಯಿ ಮರದಲ್ಲೇ ಒಣಗಿ, ಸಿಪ್ಪೆ ಒಳಗಿನ ಹಣ್ಣಿನಿಂದ ಬಿಟ್ಟುಕೊಂಡು, ಗಾಳಿ ಬಂದರೆ ಮರವೆಲ್ಲ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ಗಂಡಸರು ಕೆರೆ ಏರಿಯ ಮರಗಳಿಗೆ ಹತ್ತಿ ಕೊಂಬೆ ಕುಲುಕುತ್ತಿದ್ದರು. ನಾವು ಹೆಂಗಸರು ಕಣದಲ್ಲಿ ಗೋಣಿತಾಟು ಹಾಸಿಕೊಂಡು, ಮುಂದೊಂದು ಕಲ್ಲು, ಕೈಯಲ್ಲೊಂದು ಸುತ್ತಿಗೆ, ಬೆಳಗಿನಿಂದ ಬೀಜ ಬಿಡಿಸುತ್ತಿದ್ದೆವು. ಮೂವತ್ತು ಸುತ್ತಿಗೆಗಳ ಪೆಟ್ಟು ಕೂಡಿಕೊಂಡು ಒಂದೇ ಸದ್ದಾಗುವ ಹೊತ್ತೊಂದು ಬರುತ್ತದೆ. ಆಗ ಯಾರೂ ಮಾತಾಡುವುದಿಲ್ಲ. ಅಂಥ ಹೊತ್ತಿನಲ್ಲೇ ಅನ್ಸರ್ ಬೈಕಿನ ಹಿಂದೆ ಎರಡು ರಟ್ಟಿನ ಡಬ್ಬಿ ಕಟ್ಟಿಕೊಂಡು ಬಂದ.

ಅನ್ಸರ್ ನಮ್ಮೂರವನಲ್ಲ. ಹೆದ್ದಾರಿಯ ಪಕ್ಕದ ಪೇಟೆಯಲ್ಲಿ ಟೀವಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಒಳ್ಳೆಯ ಕೆಲಸಗಾರ, ಮಾತು ಸ್ವಲ್ಪ ಜಾಸ್ತಿ. ಬೈಕು ನಿಲ್ಲಿಸಿ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು ಮೊದಲ ಡಬ್ಬಿ ಬಿಚ್ಚಿದ. ಅಂಗೈಯಗಲದ ಕಪ್ಪು ಪೆಟ್ಟಿಗೆ.

“ದ್ಯಾವಮ್ಮ, ನೋಡಿ ಇದನ್ನ. ಟೀವಿ ಹಿಂದೆ ಅಂಟಿಸಿಬಿಟ್ರೆ ಮುಗೀತು. ಸಿನಿಮಾ, ಭಜನೆ, ಮನೆ ವಿಡಿಯೋ ಎಲ್ಲಾ ಇದ್ರೊಳಗೇ. ಫ್ಯಾನೇ ಇಲ್ಲ. ಉಸಿರಾಡಿದಷ್ಟೂ ಸದ್ದಿಲ್ಲ. ಐತೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಪೇಟೇಲಿ ಎಲ್ಲಾ ಇದನ್ನೇ ಕೇಳೋದು.”

ಪಕ್ಕದ ಕಲ್ಲಿನ ಕಾಳಿಂಗಮ್ಮ ಸುತ್ತಿಗೆ ಕೆಳಗಿಟ್ಟು ನಕ್ಕಳು. “ಐತೋ ಇಲ್ವೋ ಗೊತ್ತಾಗ್ದೇ ಇರೋದನ್ನ ನಮ್ಗೆ ಯಾಕಪ್ಪ ತಂದೆ? ನಿಮ್ಮೂರ ಕಳ್ಳರಿಗೆ ಮಾರ್ಕೊ ಹೋಗು.”

“ಇನ್ನೊಂದು ತೆಗಿ,” ಅಂದೆ.

ಇನ್ನೊಂದು ಇಟ್ಟಿಗೆಯಷ್ಟು ದಪ್ಪ, ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು, ಒಂದು ಮಗ್ಗುಲಿಗೆ ಜಾಲರಿ. ಕಣದ ಕೊಟ್ಟಿಗೆಯಲ್ಲಿ ವೈರು ಚುಚ್ಚಿ ತೋರಿಸಿದ. ಗೊರ್ ಎಂದಿತು. ಒಳಗೆ ಯಾರೋ ಅಡಕೆ ಕಡಿದಂತೆ ಕಟಕಟ ಸದ್ದು.

“ಇದು ಗೊರಕೆ ಹೊಡೀತದಮ್ಮ,” ಎಂದ ಅನ್ಸರ್, ತಪ್ಪು ಒಪ್ಪಿಕೊಂಡವನಂತೆ.

“ಕೆಲ್ಸ ಇಲ್ದಾಗ?”

“ಸಣ್ಣಗೆ. ಕೆಲ್ಸ ಜಾಸ್ತಿ ಆದ್ರೆ ಜೋರು.”

“ಬೀದೀಲಿ ನಿಂತ್ರೆ ಕೇಳ್ತದಾ?”

“ಬಾಗ್ಲು ತೆಗೆದಿದ್ರೆ ಕೇಳ್ತದೆ.”

“ಹಂಗಾದ್ರೆ ಇದೇ ಇರ್ಲಿ,” ಅಂದೆ. ಸುತ್ತಲಿನ ಹೆಂಗಸರೆಲ್ಲ ತಲೆಯಾಡಿಸಿದರು. ಅನ್ಸರ್ ಮಾತ್ರ ಎರಡೂ ಪೆಟ್ಟಿಗೆಯನ್ನು ಒಂದಾದ ಮೇಲೊಂದು ನೋಡುತ್ತ ಕೂತ.

ನಮ್ಮೂರಲ್ಲಿ ಫೋಟೋಗೆ ಯಾರೂ ಹೆದರುವುದಿಲ್ಲ. ಗೋಡೆ ತುಂಬ ಹಾಕಿಕೊಂಡಿದ್ದೇವೆ. ಅಲುಗುವ ಚಿತ್ರದ್ದೇ ತೊಂದರೆ. ಯಾವುದೇ ವಿಡಿಯೋ ಓಡಿದರೆ ಅದರಲ್ಲಿರುವವರು ಊರೊಳಗೆ ಎಲ್ಲಿದ್ದರೆ ಅಲ್ಲಿ, ಹೇಗಿದ್ದರೆ ಹಾಗೆ ನಿಂತುಬಿಡುತ್ತಾರೆ. ಒಂದು ಮೂಲೆಯಲ್ಲಿ ಬೆನ್ನು ಕಂಡಿದ್ದರೂ ಸಾಕು, ಹಾಲುಗಲ್ಲದ ವಯಸ್ಸಿನಲ್ಲಿ ತೆಗೆದದ್ದಾದರೂ ಸಾಕು. ಓಡುವುದು ಮುಗಿದ ಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ. ನಿಂತದ್ದು ಅವರಿಗೆ ತಿಳಿಯುವುದಿಲ್ಲ, ಕಂಡವರು ಹೇಳಬೇಕು. ಸಿನಿಮಾದವರು ನಿಲ್ಲುತ್ತಾರೋ ಇಲ್ಲವೋ ನಮಗೇನು ಗೊತ್ತು. ಕಾಳಿಂಗಮ್ಮ ಮಾತ್ರ, ವಾರ್ತೆ ಓದುವ ಹುಡುಗಿಗೆ ಕೈಕಾಲು ಮರಗಟ್ಟೀತು ಪಾಪ ಎಂದು ಹತ್ತು ನಿಮಿಷಕ್ಕೇ ಟೀವಿ ಆರಿಸುತ್ತಾಳೆ. ಸತ್ತವರಿಗೆ ನಿಲ್ಲುವ ಕಷ್ಟವಿಲ್ಲ. ಅದಕ್ಕೇ ಮದುವೆ, ನಾಮಕರಣ ಎಲ್ಲ ವಿಡಿಯೋ ತೆಗೆಸುತ್ತೇವೆ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕುತ್ತೇವೆ, ಹೋದ ಮೇಲೆ ನೋಡುವುದಕ್ಕೆ.

ಹಿಂದಿನ ವರ್ಷ ಗೊಲ್ಲರ ಕೇರಿಯಲ್ಲಿ ಒಂದು ಹಳೆಯ ಟೇಪು ಬೂಸ್ಟು ಹಿಡಿದು ಯಂತ್ರದೊಳಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಸಣ್ಣೀರಯ್ಯ ಆಗ ಹೊಲದಲ್ಲಿ ಎಮ್ಮೆ ಹಿಡಿದುಕೊಂಡು ಹೋಗುತ್ತಿದ್ದ. ಬೆಳಗಿನಿಂದ ಮಧ್ಯಾಹ್ನ ತಿರುಗುವವರೆಗೆ ಬಿಸಿಲಲ್ಲಿ ಹಾಗೇ ನಿಂತಿದ್ದ, ಕಣ್ಣು ಬಿಟ್ಟುಕೊಂಡು. ಎಮ್ಮೆ ಮನೆಗೆ ಬಂದಿತ್ತು. ಆಮೇಲಿಂದ ಸಣ್ಣೀರಯ್ಯ ಬಿಸಿಲು ಕಂಡರೆ ಒಳಗೆ ಹೋಗುತ್ತಾನೆ. ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಟೇಪು ಹಾಕುವ ಯಂತ್ರ ಊರಲ್ಲಿ ಇರಕೂಡದು ಎಂದು ಚಾವಡಿಯಲ್ಲಿ ತೀರ್ಮಾನವಾದದ್ದು ಆಗಲೇ.

ನನಗೆ ಇನ್ನೊಂದು ಆಸೆಯೂ ಇತ್ತು. ನನ್ನ ಗಂಡ ಹೋಗಿ ಒಂಬತ್ತು ವರ್ಷ. ಅವರು ಅಲುಗುವುದು ಒಂದೇ ಒಂದು ಟೇಪಿನಲ್ಲಿ, ನಮ್ಮ ಮದುವೆಯದು. ಅದು ಓಡಿದರೆ ನಾನೂ ನಿಲ್ಲುತ್ತೇನೆ. ಕಣ್ಣು ಟೀವಿಯ ಕಡೆಗೇ ತೆರೆದಿರುತ್ತದಂತೆ. ಒಳಕ್ಕೆ ಏನೂ ಬರುವುದಿಲ್ಲ. ಅವರ ಮುಖ ನನಗೆ ಗೋಡೆಯ ಫೋಟೋದ್ದಷ್ಟೇ ಉಳಿದಿತ್ತು. ನಗುವಾಗ ಬಾಯಿ ಯಾವ ಕಡೆ ಮೊದಲು ತೆರೆಯುತ್ತಿತ್ತು ಎಂಬುದು ಮರೆತು ಹೋಗಿ, ಒಂದು ದಿನ ಅಡಿಗೆ ಮಾಡುವಾಗ ಅದು ಮರೆತಿದೆ ಎಂದು ತಿಳಿದು, ಹೆದರಿಕೆಯಾಗಿತ್ತು.

ಅನ್ಸರನಿಗೆ ಇದನ್ನು ಹೇಳಿದ್ದೆ. “ಚಿತ್ರ ಅರ್ಧಕ್ಕೆ ಕತ್ತರಿಸ್ತೀನಮ್ಮ. ನೀವು ಈ ಮಗ್ಗುಲು, ಅವ್ರು ಆ ಮಗ್ಗುಲು. ನಿಮ್ಮ ಮಗ್ಗುಲು ತೆಗೆದಾಕಿದ್ರೆ ಆಯ್ತು. ಈ ದೊಡ್ಡ ಪೆಟ್ಟಿಗೆಗೆ ಅಷ್ಟು ಶಕ್ತಿ ಐತೆ. ಯುಗಾದಿ ಆದ್ಮೇಲೆ ಬಂದು ಮಾಡಿಕೊಡ್ತೀನಿ,” ಅಂದಿದ್ದ.

“ಬೇರೆ ಯಾರದ್ದೂ ಒಂದು ಬೆರಳೂ ಉಳೀಬಾರ್ದು.”

“ನಿಮ್ಮ ಬಳೆ ಸದ್ದೂ ಉಳಿಯಲ್ಲ ಬಿಡಿ.”

ನನ್ನ ತಮ್ಮ ಮುದ್ರಂಗ ಅವತ್ತು ಬುತ್ತಿಗೆಂದು ಏರಿಯಿಂದ ಇಳಿದು ಬಂದವನು ಪೆಟ್ಟಿಗೆಯನ್ನು ಕಾಲ ಬೆರಳಲ್ಲಿ ತಳ್ಳಿ ನೋಡಿದ. ನಮ್ಮವ್ವ ಸತ್ತಾಗ ಅವನಿಗೆ ಒಂಬತ್ತು. ನಾನು ಮದುವೆಯಾಗಿ ಬಂದಾಗ ಹನ್ನೊಂದು. ನನ್ನ ಜೊತೆಗೇ ಈ ಮನೆಗೆ ಬಂದ. ಮದುವೆ ಟೇಪಿನಲ್ಲಿ ತಟ್ಟೆ ಹಿಡಿದು ನಮ್ಮಿಬ್ಬರ ನಡುವೆಯೇ ಓಡಾಡುತ್ತಾನಂತೆ. ಈಗ ನಲವತ್ತಮೂರಾದರೂ ಮದುವೆ ಬೇಡ ಎಂದು ಹಿಂದಿನ ಕೇರಿಯಲ್ಲಿ ಒಬ್ಬನೇ ಇದ್ದಾನೆ. ಊರಲ್ಲಿ ತುದಿಕೊಂಬೆಗೆ ಹೋಗುವವನು ಅವನೊಬ್ಬನೇ.

“ಅಕ್ಕಾ, ಭಾವನ್ನ ನೋಡೋ ಆಸೇಲಿ ನನ್ನ ನಿಲ್ಲಿಸಿಬಿಟ್ಟೀಯ. ನಾನು ಮರದ ಮೇಲಿರ್ತೀನಿ ಕಣೆ.”

“ನಿಂಗೆ ಹೇಳ್ದೆ ಹಾಕ್ತೀನೇನೋ?”

“ನೀನಲ್ಲ. ಇದು,” ಎಂದು ಪೆಟ್ಟಿಗೆ ತೋರಿಸಿದ. “ಇದಕ್ಕೆ ಹೇಳೋರು ಯಾರು?” ಎಲ್ಲರೂ ನಕ್ಕರು. ನಾನೂ ನಕ್ಕೆ.

ಟೇಪು ಇಳಿಸಬೇಕಾದರೆ ಒಂದು ಸಲ ಪೂರ್ತಿ ಓಡಲೇಬೇಕು. ಎರಡು ದಿನ ಮೊದಲೇ ತಮಟೆ ಸಾರಿಸಿದೆ. ನಮ್ಮ ಮದುವೆಯಲ್ಲಿದ್ದು ಈಗಲೂ ಬದುಕಿರುವವರು ನಲವತ್ತೊಂದು ಜನ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರೆಲ್ಲ ಒಲೆ ಆರಿಸಿ, ಕೂಸುಗಳನ್ನು ಬೇರೆಯವರ ಕೈಗೆ ಕೊಟ್ಟು, ತಂತಮ್ಮ ಮನೆಯಲ್ಲಿ ಗೋಡೆಗೆ ಒರಗಿ ಕೂತರು. ನಾನು ಕುರ್ಚಿಯಲ್ಲಿ ಕೂತೆ. ಅನ್ಸರ್ ಚಪ್ಪಟೆ ಮೂತಿಯ ವೈರನ್ನು ಟೀವಿಗೆ ಚುಚ್ಚುತ್ತಿದ್ದ, ಸೊಸೆ ಶಶಿರೇಖ ಅವನಿಗೆ ಕಾಫಿ ತರುತ್ತಿದ್ದಳು. “ಹಾಕ್ಲಾಮ್ಮ?” ಎಂದ. ಹೂಂ ಎನ್ನುವಷ್ಟರಲ್ಲಿ ಕಾಫಿ ಲೋಟ ಖಾಲಿಯಾಗಿ ನೆಲದ ಮೇಲಿತ್ತು, ಅದರ ಅಂಚಿಗೆ ಇರುವೆ ಹತ್ತಿತ್ತು. “ಆಯ್ತಮ್ಮ, ಪೂರ್ತಿ ಬಂತು,” ಎಂದ.

ಶಶಿರೇಖ ಕಣ್ಣೊರೆಸಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದು ಎರಡು ವರ್ಷವಾದ ಹುಡುಗಿ. ನನ್ನ ಗಂಡನನ್ನು ಎಂದೂ ಕಂಡವಳಲ್ಲ. “ಮಾವ ಎಡಗಾಲು ಚೂರು ಎಳೀತಿದ್ರಾ ಅತ್ತೆ?” ಎಂದು ಕೇಳಿದಳು. ಹೌದು, ಎಳೆಯುತ್ತಿದ್ದರು. ನನಗೆ ಅದೂ ಮರೆತಿತ್ತು.

ಮಿಕ್ಕ ಕೆಲಸ ಮಧ್ಯಾಹ್ನದವರೆಗೆ ಹಿಡಿಯಿತು. ಕರೆಂಟು ಹೋಗಿ ಬಂದರೆ ಡಿಸ್ಕು ಕೆಡುತ್ತದೆಂದು ಪೆಟ್ಟಿಗೆಯ ಕೆಳಗೆ ಒಂದು ಬ್ಯಾಟರಿಯ ಯುಪಿಎಸ್ ಇಟ್ಟ. ರಿಮೋಟಿನ ಓಡಿಸುವ ಗುಂಡಿಯ ಮೇಲೆ, ಯಾರ ಮೊಣಕೈಯೂ ತಾಗದ ಹಾಗೆ, ನಾನೇ ಕಪ್ಪು ಟೇಪು ಸುತ್ತಿದೆ. ಕೊನೆಗೆ ಅವನು ಟೀವಿಯಲ್ಲಿ ಸಾಲುಸಾಲು ಬೂದು ಚೌಕಗಳನ್ನು ತೋರಿಸಿದ.

“ಇವೆಲ್ಲ ಬರೀ ಹೆಸರು. ಒಂದೊಂದರ ಮೇಲೆ ಗುರುತಿಗೆ ಒಂದು ಚಿಕ್ಕ ಚಿತ್ರ ಹಾಕ್ಕೊಳ್ಳೋಕೆ ಹೇಳ್ಲಾ? ಪೆಟ್ಟಿಗೇನೇ ಮಾಡ್ಕೊಳ್ತದೆ.”

“ಅಲುಗೋದಾ, ನಿಂತಿರೋದಾ?”

“ನಿಂತಿರೋದು. ಫೋಟೋ ಇದ್ದಂಗೆ.”

“ಫೋಟೋ ತಾನೆ. ಹಾಕ್ಲಿ ಬಿಡು,” ಅಂದೆ.

ನಮ್ಮೂರವರು ಯಾರಾದರೂ ಅದನ್ನೇ ಅನ್ನುತ್ತಿದ್ದರು. ಫೋಟೋ ಎಂದರೆ ನಮಗೆ ಭಯವಿಲ್ಲ. ಆ ಫೋಟೋ ಎಲ್ಲಿಂದ ಬರುತ್ತದೆ ಎಂದು ಕೇಳುವುದು ನನಗೆ ತೋಚಲಿಲ್ಲ. ಹೋಗುವಾಗ ಅನ್ಸರ್, “ಪೆಟ್ಟಿಗೇನ ಮೆನುಗೆ ಹೋಗಿ ಆರಿಸ್ಬೇಕು, ಮರೀಬ್ಯಾಡಿ,” ಎಂದ. ಹೂಂ ಎಂದು, ಅವನು ಹೋದ ಮೇಲೆ, ಮೂವತ್ತು ವರ್ಷದಿಂದ ಮಾಡಿದಂತೆ ಟೀವಿಯ ಸ್ವಿಚ್ಚು ಆರಿಸಿ ಮೇಲೆ ದಪ್ಪನೆ ಜಮಖಾನ ಹೊದಿಸಿದೆ. ತೆರೆ ಮುಚ್ಚಿದ ಮೇಲೆ ಆಟ ಮುಗಿಯಿತು. ಪೆಟ್ಟಿಗೆ ಸಣ್ಣಗೆ ಗೊರಗೊರ ಅನ್ನುತ್ತಲೇ ಇತ್ತು. ಮಲಗಿದ ನಾಯಿ ಅಂದುಕೊಂಡೆ.

ಮಂಗಳವಾರ ಮನೆಗೆ ಬೀಗ ಹಾಕಿಕೊಂಡು ನಾನು, ಶಶಿರೇಖ ಇಬ್ಬರೂ ಕಣಕ್ಕೆ ಹೋಗಿದ್ದೆವು. ಮಗ ಲಾರಿಯಲ್ಲಿ ಹಣ್ಣಿನ ಮಂಕರಿ ತುಂಬಿಕೊಂಡು ಮಂಡಿಗೆ ಹೋಗಿದ್ದ. ಬಿಸಿಲು ಏರುತ್ತಿತ್ತು. ಸುತ್ತಿಗೆಗಳ ಸದ್ದು ಕೂಡಿಕೊಂಡಿತ್ತು. ಶಶಿರೇಖ ನನ್ನ ಎದುರಿಗೆ ಬೀಜ ಆರಿಸುತ್ತಿದ್ದವಳು ತಲೆಯೆತ್ತಿ, “ಯಾಕತ್ತೆ ಎಲ್ಲಾ ನಿಲ್ಲಿಸಿದ್ರಿ?” ಎಂದಳು.

“ಯಾರು ನಿಲ್ಲಿಸಿದ್ರು?”

“ಈಗ. ಒಂದು ಉಸಿರು. ನೀವು, ಕಾಳಿಂಗಮ್ಮ, ಆ ಸಾಲು ಪೂರ್ತಿ. ಸುತ್ತಿಗೆ ಮೇಲಿತ್ತು.”

“ಬಿಸಿಲಿಗೆ ನಿನ್ ಕಣ್ಣು ಕತ್ಲೆ ಬಂದದೆ. ನೀರು ಕುಡಿ,” ಎಂದಳು ಕಾಳಿಂಗಮ್ಮ. ಆದರೆ ಶಶಿರೇಖ ನೀರು ಕುಡಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಕೈ ನನ್ನ ಮೊಣಕಾಲ ಮೇಲಿತ್ತು. ಅವಳು ಕೈ ಇಟ್ಟದ್ದನ್ನು ನಾನು ಕಂಡಿರಲಿಲ್ಲ.

“ಮತ್ತೆ ಆಯ್ತು,” ಎಂದಳು. “ಅತ್ತೆ, ನಿಮ್ಮ ಮದುವೇಲಿ ಇದ್ದೋರೇ ನಿಲ್ತಿರೋದು.”

ಮನೆಗೆ ಬೀಗ ಹಾಕಿದೆ, ಕೀಲಿ ನನ್ನ ಸೊಂಟದಲ್ಲಿದೆ, ತೆರೆಗೆ ಜಮಖಾನ ಹೊದಿಸಿದೆ. ನೋಡುವವರು ಯಾರೂ ಇಲ್ಲದ ಮನೆಯಲ್ಲಿ ಪೆಟ್ಟಿಗೆ ತಾನೇ ಕೂತು ನಮ್ಮ ಮದುವೆ ನೋಡುತ್ತಿದೆ. ಏರಿಯ ಕಡೆ ತಿರುಗಿದೆ. ದೊಡ್ಡ ಮರದ ನೆತ್ತಿಯಲ್ಲಿ ಮುದ್ರಂಗನ ಕೆಂಪು ಬನಿಯನ್ನು ಅಲುಗುತ್ತಿತ್ತು.

ಕೀಲಿ ಕಿತ್ತು ಶಶಿರೇಖಳ ಕೈಗೆ ಹಾಕಿದೆ. “ಓಡು. ವೈರು ಕಿತ್ತಾಕು. ನಿನ್ನ ಬಿಟ್ರೆ ಅಲ್ಲಿವರೆಗೆ ಹೋಗೋರು ಯಾರೂ ಇಲ್ಲ.” ಅವಳು ಸೀರೆ ಎತ್ತಿಕೊಂಡು ಊರ ಕಡೆ ಓಡಿದಳು. ನಾನು ಏರಿಯ ಕಡೆ.

ಕಣದಿಂದ ಏರಿಗೆ ಒಂದು ಕೂಗಳತೆ. ಮೊದಲು ಕಾಳಿಂಗಮ್ಮನಿಗೆ, “ಎಲ್ಲಾ ಸುತ್ತಿಗೆ ಕೆಳಗಿಟ್ಟು ಕೂತ್ಕೊಳ್ರೇ!” ಎಂದು ಕೂಗಿ, ಬಲಗಾಲು ಎತ್ತಿದೆ. ಇಟ್ಟಾಗ ಬೇಲಿಯ ಮೇಲಿದ್ದ ಕಾಗೆ ಇರಲಿಲ್ಲ. ಓಡಿದೆ. ಉಸಿರು ಎಳೆದುಕೊಂಡೆ, ಬಿಡುವಷ್ಟರಲ್ಲಿ ಮುಂದೆ ಹೋಗುತ್ತಿದ್ದ ಮೇಕೆ ಹಿಂದೆ ಇತ್ತು. ತುಟಿಯ ಮೇಲೆ ದೂಳು ಕೂತಿತ್ತು. ನಾನು ನಿಂತೆನೆಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ. ಲೋಕವೇ ಅಲ್ಲಲ್ಲಿ ತುಂಡಾಗಿ, ತುಂಡುಗಳ ನಡುವೆ ಯಾರೋ ಏನನ್ನೋ ಎತ್ತಿಟ್ಟುಕೊಂಡಂತೆ. ಬಿದ್ದರೆ ಏಳಬಹುದು. ಇದಕ್ಕೆ ಏನು ಮಾಡುವುದು?

ಮರದ ಬುಡಕ್ಕೆ ಬಂದು ಕತ್ತೆತ್ತಿ ಕೂಗಿದೆ. “ಮುದ್ರಂಗಾ! ಇಳಿಯೋ! ಬೇಗ ಇಳಿ!”

“ಯಾಕಕ್ಕಾ? ಬುತ್ತಿ ತಂದ್ಯಾ?”

“ಪೆಟ್ಟಿಗೆ ಓಡ್ತಾ ಐತೆ! ಇಳಿಯೋ ಅಂದ್ರೆ!”

ಅವನು ನಗಲಿಲ್ಲ. ಕೈಯ ಗಳುವನ್ನು ಬಿಟ್ಟ. ಅದು ಕೊಂಬೆ ತಾಗಿಕೊಂಡು ನನ್ನ ಪಕ್ಕಕ್ಕೆ ಬಿತ್ತು. “ಕಾಂಡ ತಬ್ಬಿಕೋ, ಹಂಗೇ ಇರು,” ಎಂದು ಹೇಳಬೇಕಿತ್ತು. ಇಳಿ ಎಂದೆ. ಅವನು ಮೇಲಿನ ಕೊಂಬೆ ಹಿಡಿದುಕೊಂಡು ಎಡಗಾಲನ್ನು ಕೆಳಗಿನ ಕವಲಿಗೆ ಚಾಚಿದ. ಇಲ್ಲಿಯವರೆಗೆ ನಾನು ಕಂಡಿದ್ದೇನೆ.

ಆಮೇಲೆ ಒಂದು ಕಿರುಚು. ಮರದ ಮೇಲಿಂದಲ್ಲ, ನನ್ನ ಕಾಲ ಹತ್ತಿರದಿಂದ. ಕವಲಲ್ಲಿ ಯಾರೂ ಇರಲಿಲ್ಲ. ಮುದ್ರಂಗ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ, ಎಡಗಾಲು ಇನ್ನೂ ಚಾಚಿಯೇ ಇತ್ತು, ಬಲದ ತೊಡೆ ಇರಬಾರದ ಕಡೆ ಮಡಿಸಿತ್ತು. ಅವನ ಮುಖದ ಮೇಲೆ ಇರುವೆ ಓಡಾಡುತ್ತಿದ್ದವು. ನನ್ನ ನೆರಳು ಕಾಲ ಮುಂದೆ ಇದ್ದದ್ದು ಕಾಲಡಿಗೆ ಬಂದಿತ್ತು. ಕೈ ಇನ್ನೂ ಮೇಲಕ್ಕೆ ಎತ್ತಿದ್ದೆ, ಭುಜ ಉರಿಯುತ್ತಿತ್ತು.

ಬಿದ್ದದ್ದನ್ನು ಕಂಡವನು, ಹೊರಗಿನಿಂದ ಕೂಲಿಗೆ ಬಂದಿದ್ದ ಒಬ್ಬ ಆಳು. ಚಾಚಿದ ಕಾಲು ಕವಲಿಗೆ ತಾಗುವ ಮೊದಲೇ ಮನುಷ್ಯ ನಿಂತನಂತೆ. ಕೈ ಹಿಡಿತ ಬಿಗಿಯಾಗಿಯೇ ಇತ್ತಂತೆ, ಒಣಕೊಂಬೆಯೇ ತಾಳಲಿಲ್ಲ. ಕೈ ಅಡ್ಡ ಕೊಡದೆ, ಬಾಯಿ ಬಿಡದೆ, ಮರದ ತುಂಡಿನ ಹಾಗೆ ಬಂದನಂತೆ. ಆಳು ಓಡಿಬಂದು ಅಲ್ಲಾಡಿಸಿದರೆ ಕಲ್ಲು. ಪಕ್ಕದಲ್ಲಿ ನಾನು ಕೈಯೆತ್ತಿಕೊಂಡು ಖಾಲಿ ಕವಲನ್ನು ನೋಡುತ್ತ ನಿಂತಿದ್ದೆ. ಮುರಿದ ಕಾಲಿನ ಮನುಷ್ಯನೂ ಅವನಕ್ಕನೂ ಹಾಗೆ, ಒಂದು ಸದ್ದಿಲ್ಲದೆ. ಆ ಆಳು ಆವತ್ತೇ ಸಂಜೆ ಊರು ಬಿಟ್ಟ.

ಶಶಿರೇಖ ತಪ್ಪು ಮಾಡಿರಲಿಲ್ಲ. ಬೀದಿಯಿಂದಲೇ ಪೆಟ್ಟಿಗೆಯ ಗೊರಕೆ ಕೇಳಿತಂತೆ, ಹಿಟ್ಟಿನ ಗಿರಣಿಯ ಹಾಗೆ. ಒಳಗೆ ಹೋಗಿ ಗೋಡೆಯ ವೈರು ಕಿತ್ತಳು. ಕೆಂಪು ದೀಪ ಬಂತು, ಕುಯ್ ಕುಯ್ ಎಂದಿತು. ಸಾಯುವ ಸದ್ದು ಅದು ಎಂದುಕೊಂಡು ಹೊರಗೆ ಬಂದಳು. ಬೀದಿಯಲ್ಲಿ ಬಿಂದಿಗೆ ಹೊತ್ತ ಹೆಂಗಸು ಒಂಟಿಕಾಲಲ್ಲಿ ನಿಂತೇ ಇದ್ದಳು. ಯುಪಿಎಸ್ಸಿನ ವಿಷಯ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅನ್ಸರನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಎಲ್ಲ ವೈರೂ ಕಿತ್ತರೆ ನಿಂತವರು ಹಾಗೇ ಉಳಿದುಬಿಟ್ಟರೆ ಎಂದು ಹೆದರಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಪೆಟ್ಟಿಗೆಯ ಹಿಂದಿನ ಸಣ್ಣ ವೈರನ್ನು ಎಳೆದಳು. ಬೀದಿಯ ಹೆಂಗಸು ನಿಂತದ್ದು ಕಂಡಾಗಿನಿಂದ ಮೊಬೈಲಿನಲ್ಲಿ ನೋಡಿದರೆ ಹತ್ತೊಂಬತ್ತು ನಿಮಿಷ.

ಮಾರನೆಯ ದಿನ ಓಡಿಬಂದ ಅನ್ಸರ್ ಮುಖ ಬಿಳುಚಿಕೊಂಡು ಹೇಳಿದ. ಪೆಟ್ಟಿಗೆ ಮೊದಲು ಒಂದೊಂದೇ ಚಿತ್ರ ಕಿತ್ತು ನೋಡಿದೆ, ಆಮೇಲೆ ಪೂರ್ತಿ ಓಡಿಸಿಕೊಂಡು ಸಾಲಾಗಿ ಕೀಳುವುದಕ್ಕೆ ಕೂತಿದೆ. “ನಿಂತ ಚಿತ್ರ ಬೇಕಾದ್ರೆ ಓಡೋದ್ರಿಂದ್ಲೇ ಕೀಳ್ಬೇಕಲ್ಲಮ್ಮ. ನಿಮ್ಗೆ ಗೊತ್ತಿರ್ತದೆ ಅಂದ್ಕೊಂಡೆ.” ಅವನ ಮೇಲೆ ಕೋಪ ಬರಲಿಲ್ಲ. ಕೇಳಿದ್ದ, ನಾನು ಹೂಂ ಅಂದಿದ್ದೆ.

ಹೇಳದೆ ಯಾರನ್ನಾದರೂ ನಿಲ್ಲಿಸಿದರೆ ನಿಂತ ಹೊತ್ತನ್ನು ತಿರುಗಿ ಕೊಡಬೇಕು. ನಮ್ಮಲ್ಲಿ ಇದಕ್ಕೆ ಮಾಫಿಯಿಲ್ಲ. ಚಾವಡಿಯವರು ನನ್ನನ್ನು ಒಬ್ಬಳೇ ಕೂರಿಸಿ, ಹುಣಸೆ ಬಡಿಯುವುದನ್ನು ಹತ್ತೊಂಬತ್ತು ನಿಮಿಷ ಮೊಬೈಲಿನಲ್ಲಿ ತೆಗೆದರು. ಊರಲ್ಲಿ ಒಬ್ಬನ ಬೆರಳು ಬೆಂದಿತ್ತು, ಒಬ್ಬಳ ಬಿಂದಿಗೆ ಒಡೆದಿತ್ತು. ಬೇರೆ ಕೇಡು ಆಗಿರಲಿಲ್ಲ. ಮೂವತ್ತೊಂಬತ್ತು ಜನ ಸೇರಿ ಒಂದೇ ಸಲಕ್ಕೆ ತೀರಿಸಿಕೊಳ್ಳಲು ಒಪ್ಪಿದರು. ಒಂದು ಸಂಜೆ ಚಾವಡಿಯ ಕಂಬಕ್ಕೆ ಒರಗಿ ಕೂತೆ, ಎದ್ದಾಗ ದೀಪ ಹಚ್ಚಿದ್ದರು. ನಾನು ನನಗೇ ಕೊಡುವ ಹಾಗಿಲ್ಲ. ಉಳಿದವನು ಮುದ್ರಂಗ.

ಆಸ್ಪತ್ರೆಯಲ್ಲಿ ತೊಡೆಗೆ ಸರಳು ಹಾಕಿ, ಸೊಂಟಕ್ಕೆ ಪಟ್ಟಿ ಬಿಗಿದು, ತಿಂಗಳ ಮೇಲೆ ಮನೆಗೆ ಕಳಿಸಿದ್ದರು. ಅವನು ಚಾವಡಿಯವರಿಗೆ ಹೇಳಿಕಳಿಸಿದ್ದು ಇಷ್ಟೇ: “ನಂದು ಬೇರೆ. ನಾನು ಯಾವಾಗ ತಗೋತೀನೋ ಆವಾಗ.” ಸಲ್ಲಬೇಕಾದವನು ಹಾಗೆಂದರೆ ಯಾವಾಗ ಎಂದು ಕೇಳುವ ಹಕ್ಕು ನನಗಿಲ್ಲ. ತೀರುವವರೆಗೆ ನಿಲ್ಲಿಸಿದ ಯಂತ್ರವೂ ಅವನ ಮನೆಯಲ್ಲೇ ಇರಬೇಕು, ಅದರೊಳಗೆ ಏನಿದ್ದರೂ ಸೇರಿ. ಅನ್ಸರ್ ಪೆಟ್ಟಿಗೆಯನ್ನು ಹೊತ್ತು ಹೋಗಿ, ತಾನಾಗಿ ಮಾಡುವ ಕೆಲಸವನ್ನೆಲ್ಲ ಒಂದೊಂದಾಗಿ ಆರಿಸಿ, ಎರಡು ಸಲ ತೋರಿಸಿ, ಮೊಬೈಲಿನಲ್ಲಿ ತೆಗೆದ ನನ್ನ ವಿಡಿಯೋ ಅದಕ್ಕೆ ಇಳಿಸಿ, ಅವನ ಮಂಚದ ಎದುರಿಗೆ ಕೂರಿಸಿ ಬಂದ.

ಆವತ್ತಿನಿಂದ ನಾನು ಒಬ್ಬಳೇ ಒಲೆ ಹಚ್ಚಿಲ್ಲ. ಅಟ್ಟ ಹತ್ತಿಲ್ಲ. ಕೂಸುಗಳನ್ನು ಎತ್ತಿಕೊಂಡಿಲ್ಲ. ಕುಡುಗೋಲು ಹಿಡಿದರೆ ಶಶಿರೇಖ ಮೆಲ್ಲಗೆ ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ಬೀದಿಯಲ್ಲಿ ಬಂಡಿ ಬಂದರೆ ಅದು ದಾಟುವವರೆಗೆ ಗೋಡೆಗೆ ಅಂಟಿ ನಿಲ್ಲುತ್ತಿದ್ದೆ, ಮಕ್ಕಳು ನಗುತ್ತಿದ್ದರು. ದಿನಾ ಎರಡು ಹೊತ್ತು ಅವನಿಗೆ ಊಟ ಒಯ್ಯುತ್ತಿದ್ದೆ. ಅವನು ಉಣ್ಣುವಾಗ ಪೆಟ್ಟಿಗೆಯಲ್ಲಿ ಯಾವುದೋ ಹಳೆಯ ಸಿನಿಮಾ ಓಡುತ್ತಿರುತ್ತಿತ್ತು. “ಸಾರಿಗೆ ಉಪ್ಪು ಕಮ್ಮಿ,” ಅನ್ನುತ್ತಿದ್ದ. ಬೇರೆ ಮಾತಿಲ್ಲ. ಎಷ್ಟು ಹೊತ್ತಿಗೂ ಅವನ ಕೈಯಲ್ಲಿ ರಿಮೋಟು. ಒಂದು ದಿನ ಅಳುತ್ತ ಕೇಳಿಯೇಬಿಟ್ಟೆ: “ತಗೊಂಡುಬಿಡೋ. ಸಾಯ್ತೀನಿ ಇಂಗೆ ಕಾದು.” ಅವನು ತಟ್ಟೆಯಲ್ಲೇ ಕೈ ತೊಳೆದ. “ನಾನು ಕಾದಿದ್ನಾ? ನಂಗೆ ಕಾಯೋಕೂ ಟೈಮ್ ಸಿಗಲಿಲ್ಲ.”

ಆಷಾಢದ ಗಾಳಿ ಶುರುವಾಗಿ, ಜಗಲಿಯಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತ ಕೂತಿದ್ದೆ. ಶಶಿರೇಖ ಹಿಂದಿನ ಕೇರಿಯಿಂದ ಬಂದವಳು ಮೊರವನ್ನು ನನ್ನ ತೊಡೆಯಿಂದ ಎತ್ತಿ ಪಕ್ಕಕ್ಕಿಟ್ಟಳು. “ಅತ್ತೆ, ಗೋಡೆಗೆ ಸರಿಯಾಗಿ ಒರಗಿ.”

“ಯಾಕೇ?”

ಬಿಸಿಲಿನ ಪಟ್ಟೆ ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಇಳಿದಿತ್ತು. ನನ್ನ ಕಾಲಿಗೆ ಕಂಬಳಿ ಹೊದಿಸಿತ್ತು. ಶಶಿರೇಖ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಕೂತಿದ್ದಳು.

“ಮುದ್ರಂಗಮಾವ ಹೇಳಿ ಕಳಿಸಿದ್ರು. ಕೈ ಬಿಡ್ಬ್ಯಾಡ ಅಂದಿದ್ರು. ಮುಗೀತು ಅತ್ತೆ. ಹದಿನೆಂಟು ನಿಮಿಷ.”

“ಹತ್ತೊಂಬತ್ತು,” ಅಂದೆ.

“ನಾನು ನೋಡ್ತಾನೇ ಇದ್ದೆ. ಹದಿನೆಂಟೇ.”

ಎದ್ದು ಮುದ್ರಂಗನ ಮನೆಗೆ ಹೋದೆ. ಅವನು ಮಂಚದ ಮೇಲೆ ಕಾಲು ನೀಡಿಕೊಂಡು ಕೂತಿದ್ದ. ತೆರೆಯ ಮೇಲೆ ನಾನು ಸುತ್ತಿಗೆ ಎತ್ತಿ ನಿಂತುಬಿಟ್ಟಿದ್ದೆ. ಅವನು ಅಲ್ಲಿಗೆ ತಡೆದಿದ್ದ. ನಿಂತ ಚಿತ್ರ, ಫೋಟೋ ಇದ್ದ ಹಾಗೆ. ಆದರೂ ಅದರ ಕಡೆ ನೋಡಲು ನನಗೆ ಆಗಲಿಲ್ಲ.

“ಒಂದು ಉಳಿಸಿದೀಯ,” ಅಂದೆ.

“ಹೂಂ.”

“ಯಾಕೋ?”

“ಪೂರ್ತಿ ತೀರಿದ್ರೆ ಪೆಟ್ಟಿಗೆ ಹೊತ್ಕೊಂಡು ಹೋಗ್ತೀಯ. ಅನ್ಸರ್ ಬರ್ತಾನೆ. ಭಾವನ್ನ ಅರ್ಧ ಕತ್ತರಿಸ್ಬೇಕಾದ್ರೆ ಮೊದ್ಲು ಓಡಿಸ್ಬೇಕು. ತಮಟೆ ಸಾರಿಸ್ತೀಯ, ಎಲ್ಲಾ ಕೂರ್ತಾರೆ.” ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ವಲ್ಪ ಸರಿಸಿಕೊಂಡ. “ನಂಗೆ ಕೂರೋಕಾಗಲ್ಲ ಕಣಕ್ಕ.”

“ಗೋಡೆಗೆ ಒರಗಿ, ನಾನೇ ಹತ್ರ ಯಾರನ್ನಾರ...”

“ಆಗಲ್ಲ ಅಂದ್ನಲ್ಲ.” ಅವನು ನನ್ನ ಕಡೆ ನೋಡಲಿಲ್ಲ. “ಮಲಗಿದ್ರೂ ಎಚ್ರ ಆಗ್ತದೆ. ಎಚ್ರ ಆದಾಗ ನಾನು ನಿದ್ದೆ ಮಾಡಿದ್ನೋ ನಿಂತಿದ್ನೋ ಗೊತ್ತಾಗಲ್ಲ. ಗೋಡೆ ಮುಟ್ಟಿ ನೋಡ್ಕೋತೀನಿ. ತುದಿಕೊಂಬೇಲಿ ಒಂದಿನಾನೂ ಇಂಗಾಗಿರ್ಲಿಲ್ಲ. ಹೆದ್ರಿಕೆ ಆಗ್ತದೆ. ಯಾರಿಗೂ ಹೇಳ್ಬ್ಯಾಡ.”

ಮೂವತ್ತೆರಡು ವರ್ಷದ ಹಿಂದೆ ತಟ್ಟೆ ಹಿಡಿದು ಓಡಾಡಿದ ಹುಡುಗ ಹೀಗೆಯೇ ಹೇಳುತ್ತಿದ್ದ, ಯಾರಿಗೂ ಹೇಳಬೇಡ ಎಂದು. ಹೊರಗೆ ಗಾಳಿ ಹೆಂಚಿನ ಸಂದಿಯಲ್ಲಿ ಹೊಕ್ಕು ಹೊರಡುತ್ತಿತ್ತು. ಆ ಪೆಟ್ಟಿಗೆಯೊಳಗೆ ನನ್ನ ಗಂಡ ಎಡಗಾಲು ಎಳೆಯುತ್ತ ನಡೆಯುವುದೆಲ್ಲ ಇತ್ತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಎಲ್ಲ ತೀರಿತೆಂದು ಚಾವಡಿಗೆ ಹೋಗಿ ಹೇಳಿದರೆ ಒಂದು ನಿಮಿಷಕ್ಕಾಗಿ ಯಾರೂ ತಕರಾರು ಮಾಡುತ್ತಿರಲಿಲ್ಲ.

“ಇಟ್ಕೋ,” ಅಂದೆ.

ಅವನು ತಲೆಯಾಡಿಸಿ ರಿಮೋಟಿನ ಗುಂಡಿಯೊತ್ತಿ ನನ್ನ ಚಿತ್ರವನ್ನು ಆರಿಸಿದ. ತೆರೆ ಕಪ್ಪಾಯಿತು. ಆಮೇಲೆ ಮೆನುಗೆ ಹೋಗಿ ಪೆಟ್ಟಿಗೆಯನ್ನೂ ಆರಿಸಿದ, ಅನ್ಸರ್ ಹೇಳಿಕೊಟ್ಟ ಹಾಗೆ, ನಿಧಾನಕ್ಕೆ, ಒಂದೊಂದೇ ಅಕ್ಷರ ಓದಿಕೊಂಡು. ನಾನು ತಟ್ಟೆ ಎತ್ತಿಕೊಂಡು ಬಂದೆ.

ಆ ನಿಮಿಷವನ್ನು ಅವನು ಈವರೆಗೆ ತೆಗೆದುಕೊಂಡಿಲ್ಲ, ನಾನೂ ಕೇಳಿಲ್ಲ. ಬಾವಿಗೆ ಹೋಗುವಾಗ ಮಾತ್ರ ಶಶಿರೇಖಳನ್ನು ಕರೆದುಕೊಂಡು ಹೋಗುತ್ತೇನೆ. ಹಗ್ಗ ಅವಳ ಕೈಗೆ ಕೊಟ್ಟು, ಕಟ್ಟೆಯಿಂದ ಮೂರು ಮಾರು ದೂರ ನಿಲ್ಲುತ್ತೇನೆ.